ಗೋಡೆಯವರೆಗೆ ಕಡಿದ ಮರ

ಸ್ನೇಹಿತರೇ, ನಮ್ಮ ಹೌಸಿಂಗ್ ಸೊಸೈಟಿ ಕೊಟ್ಟ ಮಾತು: ಮರದ ಒಣಗಿದ ರೆಂಬೆ ಮಾತ್ರ ತೆಗೆಯುತ್ತೇವೆ, ಮರದ ಬಗ್ಗೆ ತಿಳಿದವರನ್ನು ನಿಲ್ಲಿಸಿಕೊಂಡೇ ತೆಗೆಸುತ್ತೇವೆ. ಈಗ ಸೊಸೈಟಿ ಹೇಳುತ್ತಿರುವುದು: ಅಂಥ ಮಾತು ಕೊಟ್ಟೇ ಇಲ್ಲ.

ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ಮಳೆಮರ ಕಂಪೌಂಡ್ ಗೋಡೆಗೆ ಒತ್ತಿಕೊಂಡು ಬೆಳೆದಿದೆ. ಅರ್ಧ ಕೊಂಬೆಗಳು ಒಳಗೆ ಕಾರುಗಳ ಮೇಲೆ, ಉಳಿದರ್ಧ ಹೊರಗೆ ಫುಟ್‌ಪಾತಿನ ಮೇಲೆ. ಇವತ್ತು ಬೆಳಿಗ್ಗೆ ಗುತ್ತಿಗೆದಾರನ ಆಳುಗಳು ಒಳಗಿನ ಹಸಿ ಕೊಂಬೆಗಳನ್ನೆಲ್ಲ ಕಾಂಡದವರೆಗೂ ಕೊಯ್ದರು. ಹೊರಗಿನ ಒಂದೆಲೆಯನ್ನೂ ಮುಟ್ಟಲಿಲ್ಲ. ಪರ್ಮಿಷನ್ ಗೋಡೆಯವರೆಗೆ ಮಾತ್ರವಂತೆ. ಮರದ ಭಾರವೆಲ್ಲ ಒಂದೇ ಕಡೆಗಾಯಿತು. ಮಧ್ಯಾಹ್ನದ ಗಾಳಿಗೆ ಬುಡದ ಮಣ್ಣು ಬಿರುಕು ಬಿಟ್ಟು ಮರ ಫುಟ್‌ಪಾತಿನ ಕಡೆ ವಾಲಿತು. ಮರ ವಾಲಿದ ಕಡೆಯಲ್ಲೇ ವಿಜಯಪುರದ ಕಲ್ಲವ್ವ ಸೊಪ್ಪು ಮಾರಲು ಕೂರುತ್ತಾಳೆ.

ಸೆಕ್ರೆಟರಿ ಶೆಟ್ಟರನ್ನು ಕರೆತಂದು ಬಿರುಕು ತೋರಿಸಿದೆ.

"ವಾಲಿದ್ದು ಹೊರಗೆ ಅಲ್ವಾ ಮಾರಾಯ್ರೆ? ಅದು ವಾರ್ಡ್ ಆಫೀಸಿನದ್ದು. ನಾವು ಮುಟ್ಟಿದ್ರೆ ಕೇಸ್ ಆಗ್ತದೆ" ಎಂದರು.

ಕಲ್ಲವ್ವ ಕೊತ್ತಂಬರಿಗೆ ನೀರು ಚಿಮುಕಿಸುತ್ತ ಕೇಳಿದಳು: "ಶೆಟ್ಟರ, ನನ್ನ ಮ್ಯಾಲ ಬೀಳಾಕ ಅದೂ ಪರ್ಮಿಷನ್ ತಗೊಂಡ ಬೀಳ್ತೈತೇನ್ರಿ?"

"ನೀನು ಸ್ವಲ್ಪ ಆಚೆ ಕೂತ್ಕೊ ಅಮ್ಮ."

"ಆಚಿ ಗಟಾರ ಐತ್ರಿ."

"ಮೀಟಿಂಗಲ್ಲಿ ನೋಡುವ" ಎಂದು ಶೆಟ್ಟರು ಲಿಫ್ಟ್ ಹತ್ತಿದರು.

ನೋಡೋಣ. ಹೊರಗಿನ ಭಾರವನ್ನು ತಿಳಿದವರಿಂದ ಇಳಿಸುವವರೆಗೆ ಕಲ್ಲವ್ವನ ಬುಟ್ಟಿ ಗೋಡೆಯ ಒಳಗೆ, ಶೆಟ್ಟರು ಕಾರು ನಿಲ್ಲಿಸುವ ಜಾಗದಲ್ಲಿರುತ್ತದೆ. ಅಲ್ಲಿ ಈಗ ಮೇಲಿಂದ ಬೀಳುವಂಥದ್ದೇನೂ ಉಳಿದಿಲ್ಲ. ಮೀಟಿಂಗ್ ಗೋಡೆಯ ಹೊರಗೆ, ಆ ಕೊಂಬೆಗಳ ನೇರ ಕೆಳಗೆ. ಶೆಟ್ಟರಿಗೆ ಕುರ್ಚಿ ಹಾಕಿರುತ್ತೇವೆ. ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.