ಫರಸಿಯ ಆಚೆಗೂ ಕೇಳುವ ದನಿ

ಮಾತಾಡುವಾಗ ಅಕ್ಕೋರ ಕುತ್ತಿಗೆಯ ನರಗಳೆರಡು ಹಗ್ಗದಂತೆ ಎದ್ದು ನಿಲ್ಲುತ್ತಿದ್ದವು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತ ಕೊನೆಯ ಬೆಂಚಿಗೂ ಮುಟ್ಟಿಸಿದ ದನಿ ಅದು. ನಿವೃತ್ತರಾದ ಮೇಲೂ ಇಳಿದಿರಲಿಲ್ಲ. ಆ ದನಿ ನಿಂತಿತೆಂದು ತಿಳಿದ ಸೋಮವಾರ ಬೆಳಿಗ್ಗೆ ನಾನು ನಳದ ನೀರು ಹಿಡಿಯುತ್ತಿದ್ದೆ. ಕೊಡ ತುಂಬಿ ಹರಿದರೂ ಕೈ ಏಳಲಿಲ್ಲ.

ಶಹಾಬಾದಿನ ನಮ್ಮ ಓಣಿಯಲ್ಲಿ ಅವರದು ಎದುರು ಮನೆ. ಅಲ್ಲಿ ಟಿವಿ ಇರಲಿಲ್ಲ. ಕೇಬಲ್ಲಿನಲ್ಲಿ ಪ್ರಾಚೀನ ರೋಮಿನ ಅಂತರ್ಯುದ್ಧದ ಇಂಗ್ಲಿಷ್ ಧಾರಾವಾಹಿ ಶುರುವಾದಾಗ, ಭಾನುವಾರ ಊಟ ಮುಗಿಸಿ ನಮ್ಮ ಪಡಸಾಲೆಗೆ ಬರತೊಡಗಿದರು. ನನಗೆ ಇಂಗ್ಲಿಷ್ ಬಾರದು. ಅವರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ತೊಗರಿಬೇಳೆ ಆರಿಸುತ್ತ ಕೇಳುತ್ತಿದ್ದೆ. ಹೆಣ್ಣು ಕೊಟ್ಟ ಮಾವನಿಗೂ ಅಳಿಯನಿಗೂ ಯುದ್ಧ. “ನಡುವ ಇದ್ದ ಮಗಳು ತೀರಿಹೋದ್ಲು. ಹಿಡಿದಿಡೋರು ಯಾರೂ ಉಳೀಲಿಲ್ಲ” ಅನ್ನುತ್ತಿದ್ದರು.

ನಮ್ಮ ಮನೆಯದೂ ಅದೇ ಕತೆ. ಅತ್ತೆ ತೀರಿದ ವರ್ಷವೇ ನನ್ನ ಗಂಡ ಮತ್ತು ಮೈದುನ ಬೇರೆಯಾದರು. ಪಡಸಾಲೆಯ ನಡುವೆ ಆಳೆತ್ತರದ ಫರಸಿಕಲ್ಲಿನ ಚಪ್ಪಡಿಗಳನ್ನು ಗೋಡೆಯಂತೆ ಸಾಲಾಗಿ ನಿಲ್ಲಿಸಿದರು. ಮೇಲೆ ಛಾವಣಿಯವರೆಗೂ ತೆರಪು. ಟಿವಿ ನಮ್ಮ ಕಡೆ ಉಳಿಯಿತು. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಆ ಕಡೆ ಹೋದಳು, ನಮ್ಮಿಬ್ಬರ ಮಾತು ನಿಂತಿತು.

“ನೋಡವ್ವ, ಇಷ್ಟು ದೊಡ್ಡ ದೊಡ್ಡ ಮಂದಿ, ಮೈಮ್ಯಾಲ ಚಾದರ ಸುತ್ಗೊಂಡು ಜಗಳ ಮಾಡ್ಲಿಕತ್ತಾರ!” ಅಂದರು ಒಂದು ಭಾನುವಾರ. ನಾನು ನಕ್ಕೆ. ಫರಸಿಯ ಆಚೆಯೂ ನಗು ಕೇಳಿಸಿತು. ಅಕ್ಕೋರು ಬಾಯಿ ತೆರೆದರೆ ಆ ಕಡೆ ಮೊರದ ಸಪ್ಪಳ ನಿಲ್ಲುತ್ತದೆಂಬುದು ಆಗ ಗಮನಕ್ಕೆ ಬಂತು. ಅವರು ಇಷ್ಟು ದಿನ ನಮ್ಮಿಬ್ಬರಿಗೂ ಕತೆ ಹೇಳುತ್ತಿದ್ದರು. ಅದು ನನಗೆ ಸೇರಲಿಲ್ಲ; ಅವಳು ಎದ್ದು ಒಳಗೆ ಹೋದ ಸಪ್ಪಳ ಕೇಳಿದ ಮೇಲೆ ಅಂದೆ.

“ಅಕ್ಕೋರೇ, ಜರಾ ಸಣ್ಣ ದನಿಲೆ ಹೇಳ್ರಿ. ಆ ಕಡಿ ಕೇಳ್ತದ.”

“ಕೇಳ್ಲಿ ಅಂತನೇ ಹೇಳ್ತೀನಿ. ಅಕಿಗೇನು ಕಿವಿ ಇಲ್ಲೇನು?”

“ನೀವು ನಮ್ಮ ಕಡೀನೋ, ಅವರ ಕಡೀನೋ?”

ಅಕ್ಕೋರು ಟಿವಿಯತ್ತ ಬೆರಳು ಮಾಡಿದರು. “ಅಳಿಯಾನೂ ಹಿಂಗೇ ಕೇಳ್ದ. ನನ್ನ ಕೂಡ ಬರಲಾರ್ದವ ನನ್ನ ವೈರಿ ಅಂದ. ಮಾವ ಏನಂದ? ಸುಮ್ನ ಕುಂತಾವನೂ ನನ್ನವನೇ ಅಂದ. ಯಾರು ಗೆಲ್ತಾರ ನೋಡು.”

“ಹಂಗಾದ್ರ ಬಂದ್ ಮಾಡ್ತೀನಿ” ಎಂದು ನಾನು ಟಿವಿಯ ಗುಂಡಿಗೆ ಕೈ ಹಾಕಿದೆ.

ಅಕ್ಕೋರು ನನ್ನನ್ನೇ ನೋಡಿದರು. ಆಮೇಲೆ ಹತ್ತಿರ ಸರಿದು, ಉಳಿದದ್ದನ್ನೆಲ್ಲ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಕುತ್ತಿಗೆಯ ನರ ಏಳಲೇ ಇಲ್ಲ. ಚಪ್ಪಲಿ ಮೆಟ್ಟುವಾಗ, “ನಾಳಿ ಆ ಕಡಿ ಹೋಗಿ ಅಕಿಗೂ ಹೇಳಿ ಬರ್ತೀನಿ. ಅರ್ಧಾ ಕತಿ ಹಿಡ್ಕೊಂಡು ಕುಂತಿರ್ತಾಳ, ಪಾಪ” ಅಂದರು.

ಮರುದಿನ ಪೂಜೆಗೆ ಹೂ ಹರಿಯುವಾಗ ಕುಸಿದರಂತೆ. ನರಳಲಿಲ್ಲ, ಅದಷ್ಟು ಬಸವಣ್ಣನ ದಯೆ.

ಮಣ್ಣು ಮುಗಿಸಿ ಬಂದು, ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡೆ. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರೇ ಬುತ್ತಿ ಒಯ್ಯಬೇಕು. ರೊಟ್ಟಿ ಬಡಿಯಲು ಕೂತೆ. ಆ ಕಡೆಯಿಂದ ಒಗ್ಗರಣೆಯ ವಾಸನೆ ಬಂತು. ಅವಳೂ ಅದೇ ಮನೆಗೆ ಬೇಳೆ ಮಾಡುತ್ತಿದ್ದಳು.

“ಅಕ್ಕಾ” ಅಂದಳು ಫರಸಿಯ ಆಚೆಯಿಂದ, ಎಷ್ಟೋ ದಿನದ ಮೇಲೆ. “ನಿನ್ನಿ ನಾ ಒಳಗ ಹೋಗಿ ಬರೂದ್ರಾಗ ಅಕ್ಕೋರ ದನೀನೇ ನಿಂತಿತ್ತು. ಆರಾಮಿಲ್ಲೇನೋ ಅಂತ ನನಗ ಆವಾಗೇ ಅನಿಸ್ತು. ಹೋಗಿ ಕೇಳ್ಬೇಕಾಗಿತ್ತು.”

ಅವರು ಆರಾಮವಾಗಿಯೇ ಇದ್ದರು, ಬಾಯಿ ಮುಚ್ಚಿಸಿದವಳು ನಾನು ಎಂದು ಹೇಳಬೇಕಿತ್ತು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ದೇವರ ಜಗಲಿಯ ಕಡೆ ನೋಡಲೂ ಆಗಲಿಲ್ಲ.

“ಆ ಅಳಿಯಾಂದು ಏನಾತಕ್ಕಾ?”

“ಸೋತು ಬ್ಯಾರೆ ದೇಶಕ್ಕ ಓಡಿಹೋದ. ಅಲ್ಲಿ ಮಂದಿ ಕೊಂದು, ತಲಿ ತಂದು ಮಾವನ ಮುಂದಿಟ್ರು.”

“ಮಾವ ಖುಷಿ ಆದನೇನು?”

“ಇಲ್ಲ. ಬಿಕ್ಕಿ ಬಿಕ್ಕಿ ಅಳ್ಲಿಕತ್ತ.”

“ಏನಂದಿ? ಕೇಳ್ಲಿಲ್ಲ.”

ಕುತ್ತಿಗೆಯ ನರ ಏಳುವಷ್ಟು ದನಿ ಏರಿಸಿ ಇನ್ನೊಮ್ಮೆ ಹೇಳಿದೆ. ಆಮೇಲೆ ಕೈಗೆ ಹಿಟ್ಟು ಹಚ್ಚಿಕೊಂಡು ಮುಂದಿನ ರೊಟ್ಟಿ ಬಡಿದೆ.