ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಿದೆ

ಗೆಳೆಯರೇ, ಇವತ್ತು ಒಂದು ಹೋಲಿಕೆಯಿಂದ ನಾನು ಕೆಟ್ಟೆ.

ಕೊಳಚೆ ನೀರಿನ ಕಲ್ಮಶ ತಿಂದು ಅದನ್ನು ತಿಳಿಗೊಳಿಸುವ ಸೂಕ್ಷ್ಮಜೀವಿಗಳ ಮೇಲೆ ನನ್ನ ಸಂಶೋಧನೆ. ಮಧ್ಯಾಹ್ನ ಪ್ರಯೋಗಾಲಯದ ಗಾಳಿ ಪಂಪು ಕೆಟ್ಟು, ತೊಟ್ಟಿಯಲ್ಲಿದ್ದವು ಬಹುಪಾಲು ಸತ್ತವು. ಪಂಪು ರಿಪೇರಿಯಾಯಿತು. ಆದರೆ ಬೇಗ ಇಂಥ ಜೀವಿಗಳು ತುಂಬಿದ ಹೊಸ ಕೆಸರು ಬೆರೆಸದಿದ್ದರೆ ವರ್ಷದ ಕೆಲಸ ಹಾಳು. ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯ ಎದುರಿನ ಅಪಾರ್ಟ್‌ಮೆಂಟಿನವರ ಕೊಳಚೆ ಶುದ್ಧೀಕರಣ ತೊಟ್ಟಿಯಲ್ಲಿ ಅಂಥ ಕೆಸರು ಬೇಕಾದಷ್ಟಿದೆ. ಸಂಜೆ ಕ್ಯಾನ್ ಹಿಡಿದು ಅವರ ಸಂಘದ ಅಧ್ಯಕ್ಷೆ ಗಿರಿಜಮ್ಮನವರ ಬಾಗಿಲು ತಟ್ಟಿದೆ.

“ಆ ಕೆಸರು ಯಾಕಪ್ಪಾ ನಿಮಗೆ?”

“ಮೊಸರಿಗೆ ಹೆಪ್ಪು ಹಾಕ್ತೀವಲ್ಲಮ್ಮ, ಹಾಗೇ. ನಮ್ಮ ತೊಟ್ಟಿಗೆ ಇದು ಹೆಪ್ಪು.”

ಎಷ್ಟು ಸುಲಭವಾಗಿ ವಿವರಿಸಿದೆ ಎಂದು ಹಿಗ್ಗುವಷ್ಟರಲ್ಲಿ ಅವರು ತಿರುಗಿ ದೇವರ ದೀಪದ ಕಡೆ ನೋಡಿದರು.

“ಶುಕ್ರವಾರ, ದೀಪ ಹಚ್ಚಿದ್ಮೇಲೆ ಯಾರಾದ್ರೂ ಹೆಪ್ಪು ಹೊರಗೆ ಕೊಡ್ತಾರಾ? ಲಕ್ಷ್ಮೀನೇ ಕಳಿಸಿದ ಹಾಗೆ. ಬೆಳಿಗ್ಗೆ ಬನ್ನಿ.”

“ಅಯ್ಯೋ, ಇದು ಕಕ್ಕಸಿನ ನೀರಮ್ಮ!”

“ನೀವೇ ತಾನೇ ಹೆಪ್ಪು ಅಂದಿದ್ದು? ಬಾಯಲ್ಲಿ ಬಂತಲ್ಲ, ಮುಗೀತು.”

ನಾನು ಮೆಟ್ಟಿಲಿಳಿಯುವಾಗ ಮತ್ತೆ ಕೂಗಿದರು. “ತಾಳಿ, ಶುಕ್ರವಾರ ಬಂದೋರನ್ನ ಬರಿಗೈಲಿ ಕಳಿಸಬಾರದು.” ಕೈಗೆರಡು ಬಾಳೆಹಣ್ಣು ಬಂದವು.

ಪ್ರಯೋಗಾಲಯಕ್ಕೆ ಹೋಗಿ ಒಂದನ್ನು ಕಿವುಚಿ ತೊಟ್ಟಿಗೆ ಹಾಕಿದ್ದೇನೆ. ಬದುಕುಳಿದವು ಅದನ್ನು ತಿಂದು ಬೆಳಗಿನವರೆಗೆ ತಾಳಿಕೊಳ್ಳಬಹುದು. ಇನ್ನೊಂದನ್ನು ನಾನು ತಿಂದೆ.

ಕೊಚ್ಚೆ ಎಂದೇ ಕೇಳಿದ್ದರೆ ಡ್ರಮ್ಮು ತುಂಬಿಸಿ ಗೇಟಿನವರೆಗೆ ಬಂದು ಕಳಿಸಿಕೊಡುತ್ತಿದ್ದರು.