ಮಾಸ್ತರಿಗೆ ಜೋಡಿ ಸಿಗಲೇ ಇಲ್ಲ

ಇಲ್ಲ... ನಂಬೋಕೇ ಆಗ್ತಿಲ್ಲ.
ಸೋಮವಾರ ಫೋನಿನಲ್ಲಿ ಮಾತಾಡಿದ ಮನುಷ್ಯ...
ಮಸ್ಕಿಯ ಶರಣಪ್ಪ ಮಾಸ್ತರ್ ಇವತ್ತು ಬೆಳಗ್ಗೆ ಹೋಗಿಬಿಟ್ಟರು.
ತೊಂಬತ್ತು ದಾಟಿತ್ತು ಬಿಡಿ ಅನ್ನಬೇಡಿ. ಸಿಟ್ಟು ಬರುತ್ತದೆ.

ಮಧ್ಯಾಹ್ನದಿಂದ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಹಳೇ ಬ್ಲ್ಯಾಕ್ ಅಂಡ್ ವೈಟ್ ಫಿಲಂ...
ನಿಜಾಮರ ಕಾಲದ ಪಿಂಚಣಿದಾರರು ಮಸ್ಕಿಯಲ್ಲಿ ಕೋಲಾಟ ಆಡಿದ್ದು.
ಕೆಳಗೆ, ನಮ್ಮೂರ ಹೆಮ್ಮೆ ಅಂತ.
ಹೆಮ್ಮೆಯಂತೆ...

ಗೊತ್ತಿಲ್ಲದವರಿಗೆ ಹೇಳ್ತೀನಿ.
ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ಆಗಿ ನಾಲ್ಕೈದು ವರ್ಷ.
ಆ ಹಿರಿಯರ ತಂಡದಲ್ಲಿ ಒಂದು ಪದ್ಧತಿ. ಯಾರಾದರೂ ತೀರಿಕೊಂಡರೆ ಒಂದು ವರ್ಷ ಅವರ ಜಾಗ ಖಾಲಿ. ಅವರ ಜೋಡಿ ಬರೀ ಗಾಳಿಗೆ ಕೋಲು ಬೀಸಬೇಕು.
ಆ ವರ್ಷ ಖಾಲಿ ಇದ್ದದ್ದು ಮಾಸ್ತರರ ಅಪ್ಪನ ಜಾಗ.
ಫಿಲಂ ತೆಗೆಯಲು ಬಂದ ಕ್ಯಾಮೆರಾದವರಿಗೆ ಅದು ಚಂದ ಕಾಣಲಿಲ್ಲ. ನೋಡಲು ಬಂದಿದ್ದ ಇಪ್ಪತ್ತರ ಮಗನನ್ನೇ ಕರೆದು, ತಲೆಗೆ, ಮೀಸೆಗೆ ವಿಭೂತಿ ಬಳಿದು, ಮುದುಕನ ವೇಷದಲ್ಲಿ ನಿಲ್ಲಿಸಿದರು.
ಹಿರಿಯರು ತುಟಿಪಿಟಕ್ ಅನ್ನದೆ ಆಡಿದರು.
ಕ್ಯಾಮೆರಾ ಗಾಡಿ ಲಿಂಗಸುಗೂರು ದಾಟಿದ ಮೇಲೆ ಬಾಯಿ ಬಂತು. ಫಿಲಂ ಆಸೆಗೆ ಅಪ್ಪನ ಜಾಗ ತುಳಿದ ಮಗ, ಇವನ ಜೊತೆ ಯಾರೂ ಕೋಲು ಹಾಕಬಾರದು ಅಂದರು.
ಯಾರೂ ಹಾಕಲಿಲ್ಲ. ಅವರ ಮಕ್ಕಳೂ ಹಾಕಲಿಲ್ಲ... ಈಗ ಆ ತಂಡದಲ್ಲಿರೋ ನಾವೂ ಹಾಕಲಿಲ್ಲ.

ಮಾಸ್ತರ್ರೇ...
ಸಿಂಧನೂರಿನ ಶಾಲೆಗೆ ನಾನು ಹೊಸದಾಗಿ ಬಂದಾಗ ನೀವು ರಿಟೈರ್ ಆಗೋ ಹೊತ್ತು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಒಮ್ಮೆ ಹೇಳಿದಿರಿ:
"ಫಿಲಂ ಸಲುವಾಗಿ ನಿಂತಿದ್ದಿಲ್ಲಪ್ಪ. ಅಪ್ಪನ ಕೋಲು ಒಮ್ಮೆ ಕೈಯಾಗ ಹಿಡೀಬೇಕನಿಸ್ತು. ಅಷ್ಟ."

ಹೋದ ವರ್ಷ ನನ್ನನ್ನೇ ಕೇಳಿದಿರಿ...
"ಒಂದ ಸುತ್ತು ನನ್ನ ಜೋಡಿ ಆಡ್ತಿಯೇನಪಾ?"
ತಂಡದವರನ್ನು ಕೇಳಿ ಹೇಳ್ತೀನಿ ಅಂದೆ.
ಅರವತ್ತು ದಾಟಿ ನಾನೇ ಪಿಂಚಣಿ ತಗೊಳ್ತಿದ್ದೀನಿ... ಇನ್ನು ಯಾರನ್ನು ಕೇಳಬೇಕಿತ್ತು?
ಕೇಳಲೂ ಇಲ್ಲ. ಹೇಡಿ ನಾನು.
ಸೋಮವಾರ ಫೋನಿನಲ್ಲಿ ನೀವು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಈಗ ನಮ್ಮ ಕೋಲಾಟದ ಗ್ರೂಪಿಗೆ ಮೆಸೇಜ್ ಬಂದಿದೆ. ಗೌರವಕ್ಕೆ ಒಂದು ವರ್ಷ ಮಾಸ್ತರರ ಜಾಗ ಖಾಲಿ ಬಿಡೋಣ ಅಂತ.
ಯಾವ ಜಾಗ?
ಕೊಟ್ಟಿದ್ದರಲ್ಲವೇ ಖಾಲಿ ಬಿಡೋದು...

ಹೋಗಿ ಬನ್ನಿ ಮಾಸ್ತರ್ರೇ.
ಅಲ್ಲಿ ನಿಮ್ಮಪ್ಪ ಎದುರಿಗೇ ನಿಂತಿರಲಿ... ಕೋಲಿಗೆ ಕೋಲು ತಾಗಲಿ.
ನಿಮ್ಮ ಆತ್ಮಕ್ಕೆ ನೆಮ್ಮದಿ ಸಿಗಲಿ.
ನಮಗೆ ಸಿಗದಿದ್ದರೂ ನಡೆದೀತು.